ಇನ್ನು ನಾಲ್ಕೇ ಹೆಜ್ಜೆ

ಎಲಿಸಮ್ಮನ ತಮ್ಮನನ್ನು ನುಂಗಿದ್ದು ಇದೇ ಹೊಳೆ. ಅಂದಿನಿಂದ ಅವಳು ಬಟ್ಟೆ ಒಗೆಯಲೂ ಈ ದಡಕ್ಕೆ ಬಂದವಳಲ್ಲ. ನೀರಲ್ಲಿ ಮುಳುಗಿ ಪಡೆಯುವ ದೀಕ್ಷಾಸ್ನಾನಕ್ಕೆಂದು ಮಾತ್ರ ಎರಡು ವರ್ಷ ಬಂದು, ಎರಡು ಸಲವೂ ನೀರು ಮುಟ್ಟದೆ ಓಡಿಹೋಗಿದ್ದಳು. ಈ ಸಲ ಹೇಗೋ ಮೊಣಕಾಲುದ್ದ ಇಳಿದವಳು ಅಲ್ಲೇ ಕಂಬದ ಹಾಗೆ ನಿಂತುಬಿಟ್ಟಳು.

"ನೋಡ್ತಾ ಇರಿ, ಈಗ ಓಡ್ತಾಳೆ," ಅಂದಳು ದಡದಲ್ಲಿ ಕೂತಿದ್ದ ಅತ್ತೆ.

ನೀರಿನಲ್ಲಿ ಎಲಿಸಮ್ಮನ ಪಕ್ಕ ನಿಂತಿದ್ದ ಪಾಸ್ಟರು ಅವಳ ಕೈ ಹಿಡಿದರು. "ಬಾ ತಾಯಿ. ಸೊಂಟದ ಮಟ್ಟ ನೀರಿದ್ರೆ ಸಾಕು. ಇನ್ನು ನಾಲ್ಕೇ ಹೆಜ್ಜೆ."

"ಕಾಲೇ ಏಳ್ತಿಲ್ಲ ಪಾಸ್ಟ್ರೇ. ದೇವರ ಮೇಲೆ ನಂಬಿಕೆ ಇದ್ದಿದ್ರೆ ಇಷ್ಟು ಭಯ ಆಗ್ತಿತ್ತಾ? ನಂಗೆ ಆ ಯೋಗ್ಯತೆ ಇಲ್ಲ, ಬಿಡಿ."

ಹಿಡಿದ ಕೈಗಳು ಗಡಗಡ ನಡುಗುತ್ತಿದ್ದವು. ತನ್ನದೇ ನಡುಕವೆಂದು ನಾಚಿ ಕೈ ಬಿಡಿಸಿಕೊಳ್ಳಲು ಹೋದಳು.

ಅವರು ಬಿಡಲಿಲ್ಲ. ದಡದವರಿಗೆ ಕೇಳಿಸದ ಹಾಗೆ ಬಗ್ಗಿ ಹೇಳಿದರು: "ನನ್ನ ಕೈ ಬಿಡಬೇಡಮ್ಮ. ಈಜು ನಂಗೂ ಬರೋದಿಲ್ಲ. ಹದಿನೆಂಟು ವರ್ಷದಿಂದ ಹೀಗೇ ಹೆದರ್ಕೊಂಡೇ ಇಳೀತಿದ್ದೀನಿ."

ಎಲಿಸಮ್ಮ ಆ ಕೈಯನ್ನು ಭದ್ರವಾಗಿ ಹಿಡಿದುಕೊಂಡು, ಅವರಿಗಿಂತ ಮೊದಲು ಹೆಜ್ಜೆ ಇಟ್ಟಳು.