ಏಳನೇ ಬೆಡ್ಡಿನ ಬೆಲ್

ಮಧ್ಯಾಹ್ನದ ಡ್ಯೂಟಿಯಲ್ಲಿ ಏಳನೇ ಬೆಡ್ಡಿನ ಬೆಲ್ ಹೊಡೆದದ್ದು ಅದು ಹನ್ನೊಂದನೇ ಸಲ. ನನ್ನ ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ, ಬೆಳಗಿನಿಂದ ತಲೆ ಬೇರೆ ಸಿಡಿಯುತ್ತಿತ್ತು. ಹಲ್ಲು ಕಚ್ಚಿಕೊಂಡು ಹೋದೆ.

"ಸಿಸ್ಟರ್, ಎದೆ ಹೊಡ್ಕೊಳ್ತಾ ಇದೆ. ಒಂದೇ ಒಂದ್ಸಲ ಬಿಪಿ ನೋಡಿ."

ಆಕೆಗೆ ಇದ್ದದ್ದು ಗಾಬರಿಯ ಕಾಯಿಲೆ. ಇಸಿಜಿ, ರಕ್ತಪರೀಕ್ಷೆ ಎಲ್ಲ ಸರಿಯಾಗಿದ್ದವು. ಕೇಳಿದಾಗಲೆಲ್ಲ ಬಿಪಿ ನೋಡಿದರೆ ಭಯ ಇನ್ನೂ ಬೆಳೆಯುತ್ತದೆ, ಉಸಿರಾಟದ ವ್ಯಾಯಾಮ ಮಾಡಿಸಿದರೆ ಸಾಕು ಅಂತ ಡಾಕ್ಟರು ಬರೆದಿಟ್ಟಿದ್ದರು.

"ನೋಡಲ್ಲಮ್ಮಾ. ನಾಲ್ಕು ಎಣಿಸ್ತಾ ಉಸಿರು ಎಳೀರಿ, ಆರು ಎಣಿಸ್ತಾ ಬಿಡಿ. ಎಷ್ಟು ಸಲ ಹೇಳಿಕೊಡೋದು?"

"ಬೆಳಗಿನ ಸಿಸ್ಟರ್ ನಾರ್ಮಲ್ ಅಂದ್ರಲ್ಲ, ಆ ಮಿಶನ್ನೇ ಕೆಟ್ಟಿದ್ರೆ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಮಿಶನ್ ತಂದು ಆಕೆಯ ಮುಂದಿಟ್ಟು, ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿಕೊಂಡೆ.

"ನನಗೆ ಯಾವ ಕಾಯಿಲೆಯೂ ಇಲ್ಲ. ನನ್ನದು ನಾರ್ಮಲ್ ತೋರಿಸಿದ್ರೆ ಮಿಶನ್ ಸರಿಯಿದೆ ಅಂತ ಒಪ್ಕೊಂಡು ಸುಮ್ನೆ ಮಲಗ್ತೀರಾ?"

"ಹೂಂ."

ಪಟ್ಟಿ ಬಿಗಿಯಿತು, ಸಡಿಲವಾಯಿತು. ಇನ್ನೂರ ಹತ್ತು, ನೂರ ಇಪ್ಪತ್ತು.

"ಥೂ, ನಿಜಕ್ಕೂ ಕೆಟ್ಟಿದೆ ಇದು," ಅಂತ ಎದ್ದು ನಿಂತೆ. ಎದುರಿನ ಗೋಡೆ ಗರ್ರನೆ ತಿರುಗಿತು.

ಆಕೆ ಮಂಚದಿಂದ ಇಳಿದು ನನ್ನ ರಟ್ಟೆ ಹಿಡಿದುಕೊಂಡಳು. "ಮಿಶನ್ ಸರಿಯಾಗೇ ಇದೆ ಸಿಸ್ಟರ್," ಅಂದು ತನ್ನ ಜಾಗದಲ್ಲೇ ನನ್ನನ್ನು ಮಲಗಿಸಿ, "ನಾಲ್ಕು ಎಣಿಸ್ತಾ ಉಸಿರು ಎಳೀರಿ" ಅನ್ನುತ್ತಾ ಹನ್ನೆರಡನೇ ಸಲ ಬೆಲ್ ಒತ್ತಿದಳು.