ರಾಜನ ಪಾರ್ಟು

ನಟ ಚೆನ್ನವೀರ ಹೇಳಿ ಹೇಳಿ ತನಗೇ ಸಪ್ಪೆಯಾಗಿದ್ದ ಕತೆಯನ್ನು ಈ ಸನ್ಮಾನದಲ್ಲೂ ಹೇಳಿದ.

"ನಂದೇನೂ ಇಲ್ರೀ, ಎಲ್ಲಾ ಅದೃಷ್ಟ. ನಾಟಕ ಕಂಪನಿಯಾಗ ನಾನು ಬರೇ ಬಾಗಿಲು ಕಾಯೋ ಸೇವಕ. ರಾಜನ ಪಾರ್ಟು ನಂದೇ ಅಂತ ಅವ್ವಗ ಸುಳ್ಳು ಹೇಳಿದ್ದೆ. ಆಕಿ ನೋಡಾಕ ಬಂದೇ ಬಿಟ್ಲು! ಅವತ್ತೇ ರಾಜನ ಪಾರ್ಟಿನ ಗುರುಪಾದಣ್ಣನ ಗಂಟಲು ಕಟ್ತು. ಕಿರೀಟ ನನ್ನ ತಲಿಗೆ ಬಂತು."

ಗುರುಪಾದಣ್ಣನ ಆ ಒಡಕು ದನಿಯನ್ನು ಅವನು ಅಣಕಿಸಿದಾಗ ಸಭೆ ಬಿದ್ದು ಬಿದ್ದು ನಕ್ಕಿತು.

ಸಭೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಗುರುಪಾದಣ್ಣನೇ ಎದ್ದು ಬಂದ.

"ನನ್ನ ದನಿ ಛಲೋ ಮಾಡ್ತಿ ತಮ್ಮಾ. ಆದ್ರ ನಡುವ ಒಂದೆರಡು ಸಲ ಕೆಮ್ಮು. 'ನನ್ನ ಮಗನೇ ರಾಜ' ಅಂತ ನಿಮ್ಮವ್ವ ಎಲ್ಲಾರಿಗೂ ಹೇಳೋದು ಕೇಳಿ, ಅವತ್ತು ನಾನು ಹಂಗ ನಟನೆ ಮಾಡಿದ್ದೆ."