ತಾರಸಿಯ ಸ್ಟ್ರಾಬೆರಿ

ತಾರಸಿಯ ಕುಂಡಗಳಲ್ಲಿ ವಾರಿಜಾ ಬೆಳೆಸಿದ ಸ್ಟ್ರಾಬೆರಿ ಹಣ್ಣು ಕೆಂಪಾಗುವುದೇ ತಡ, ಮಾಯವಾಗುತ್ತಿತ್ತು. ಎದುರುಮನೆಯವಳ ಮೇಲೆ ಅವಳಿಗೆ ಗುಮಾನಿ.

“ಒಂದು ಹಣ್ಣೂ ನನ್ನ ಬಾಯಿಗೆ ಬಿದ್ದಿಲ್ಲ ಮಾವ. ಯಾರನ್ನೂ ನಂಬೋ ಹಾಗಿಲ್ಲ,” ಎಂದು ಊಟ ಬಡಿಸುತ್ತಾ ದೂರಿದಳು.

“ಕಳ್ಳರನ್ನ ಸುಮ್ನೆ ಬಿಡಬೇಡಮ್ಮ,” ಎಂದರು ಮಾವ.

ಮರುದಿನ ಮಧ್ಯಾಹ್ನ ಅವಳು ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಂದವರು ಮಾವ! ಹಣ್ಣಾದದ್ದನ್ನೆಲ್ಲ ಕಿತ್ತು ಹೆಗಲ ಟವೆಲಿನಲ್ಲಿ ಕಟ್ಟಿಕೊಂಡರು.

ವಾರಿಜಾ ಸಿಟ್ಟಿನಿಂದ ಎದ್ದು ಅವರೆದುರು ನಿಂತಳು. “ಯಾರಿಗೆ ಇದೆಲ್ಲ?”

ಮಾವ ಬೆಚ್ಚಿ ಕೈಮುಗಿದರು. “ಯಾರು ತಾಯಿ ನೀವು? ಬೈಬೇಡಿ, ನನ್ನ ಸೊಸೆಗೆ ತಗೊಂಡು ಹೋಗ್ತಿದೀನಿ. ಪಾಪ, ಅವಳು ಬೆಳೆದಿದ್ದನ್ನೆಲ್ಲ ಯಾರೋ ಕದೀತಿದಾರಂತೆ.”